ಹುಳ ಹಣ್ಣಾದ ದಿನ

ಥಾರ್ನ್ಲಿ, ಪರ್ತ್
17 ನವೆಂಬರ್ 2013

ಡಾಕ್ಟರ್ ಮಹಾಬಲೇಶ್ವರ ಅಂಕಲ್‌ಗೆ ನಾಗವೇಣಿಯ ನಮಸ್ಕಾರ.

ನೀವು ಅಡಿಲೇಡಿನಿಂದ ಕಳಿಸಿದ ಹಸ್ತಪ್ರತಿಯ ಕಟ್ಟು ಹೋದ ವಾರ ಬಂತು. ಮೊದಲ ಅಧ್ಯಾಯದ ಶುದ್ಧಪ್ರತಿ ಇದರ ಜೊತೆಗಿದೆ. ನಲವತ್ತೊಂದು ಹಾಳೆ. ನೀವು ಹೇಳಿದ ಹಾಗೆ ದಪ್ಪ ಮೊನೆಯ ಕರಿ ಪೆನ್ನಿನಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆದಿದ್ದೇನೆ. ಅಕ್ಷರ ಇನ್ನೂ ದೊಡ್ಡದಾಗಬೇಕಾದರೆ ತಿಳಿಸಿ. ಹದಿನಾಲ್ಕನೇ ಹಾಳೆಯ ಮೇಲೆ ಸಾರಿನ ಹನಿ ಬಿತ್ತು. ಅದನ್ನು ಮತ್ತೆ ಬರೆದು ಎರಡನ್ನೂ ಇಟ್ಟಿದ್ದೇನೆ, ಹಾಳೆ ಕದ್ದಳು ಅನ್ನಿಸಬಾರದು ಅಂತ.

ಅವತ್ತು ಇಲ್ಲಿನ ಪಿಯಾರಾ ವಾಟರ್ಸ್ ಹಾಲ್‌ನಲ್ಲಿ ನಡೆದ ಕನ್ನಡ ರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ನೀವು ನನ್ನ ಅಕ್ಷರ ಮೆಚ್ಚಿ ಮೈಕಿನಲ್ಲಿ "ಊಟದ ಬೋರ್ಡು ಬರೆದವರು ಯಾರು, ಮುಂದೆ ಬನ್ನಿ" ಎಂದು ಮೂರು ಸಲ ಕರೆದಿರಂತೆ. ನಾನು ಅಡುಗೆಮನೆಯಲ್ಲಿದ್ದೆ. ಹೊಗೆ ಎಳೆಯುವ ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕ್ಷಮಿಸಿ. ಆಮೇಲೆ ಜಯಲಕ್ಷ್ಮಿ ಆಂಟಿ ನಿಮ್ಮನ್ನೇ ಅಲ್ಲಿಗೆ ಕರೆತಂದು "ಇವಳೇ ನೋಡಿ ಡಾಕ್ಟ್ರೇ, ಉತ್ತಮ್ ಹೆಂಡ್ತಿ, ಮಾತಾಡ್ಸಿದ್ರೆ ಓಡೋಗ್ತಾಳೆ" ಎಂದಾಗ ನನ್ನ ಕೈತುಂಬ ಕೋಸಂಬರಿ ಇತ್ತು. ನಮಸ್ಕಾರ ಮಾಡಲೂ ಆಗಲಿಲ್ಲ.

ಉತ್ತಮ್ ಗಣಿಯಲ್ಲಿ ಲಾರಿ ರಿಪೇರಿ ಕೆಲಸಕ್ಕೆ ಹೋಗಿ ಒಂಬತ್ತು ದಿನವಾಯಿತು. ಇನ್ನು ಐದು ದಿನ ಮನೆಯಲ್ಲಿ ನಾನು ಮತ್ತು ನಿಮ್ಮ ಫ್ರೆಂಚ್ ಕಾದಂಬರಿಕಾರ ರುವಿಯೆ ಇಬ್ಬರೇ.

ನನ್ನ ಹೆಸರನ್ನು ಪುಸ್ತಕದಲ್ಲಿ ಹಾಕುವ ಮಾತು ಬೇಡ ಅಂಕಲ್. ನಾನು ಓದಿದ್ದು ಐದನೇ ಕ್ಲಾಸು. ಆದರೆ ಒಂದು ಕೇಳಬೇಕು. ರುವಿಯೆ ಹನ್ನೊಂದು ಕಾದಂಬರಿ ಬರೆದ ಎಂದಿದ್ದೀರಿ. ಅಷ್ಟನ್ನೂ ಅವನಿಗೆ ಶುದ್ಧಪ್ರತಿ ಮಾಡಿಕೊಟ್ಟವರು ಯಾರು?

ಇಂತು,
ನಾಗವೇಣಿ


ಬ್ಲೇರ್ ಅಥಾಲ್, ಅಡಿಲೇಡ್
2 ಡಿಸೆಂಬರ್ 2013

ಪ್ರೀತಿಯ ನಾಗವೇಣಿ,

ಸಾರಿನ ಹನಿ ಬಿದ್ದ ಹಾಳೆಯನ್ನೇ ಇಟ್ಟುಕೊಂಡೆ. ಮೂಸಿ ನೋಡಿದೆ. ಹುರುಳಿ ಸಾರು. ಸರಿಯೇ?

ಫೋನಿನಲ್ಲಿ ನೀನು "ಹ್ಞೂ ಅಂಕಲ್, ಆಯ್ತು ಅಂಕಲ್" ಎಂಬ ನಾಲ್ಕು ಮಾತಿನ ಹೆಂಗಸು. ಕಾಗದದಲ್ಲಿ ಇಷ್ಟು ಮಾತಾಡುತ್ತೀ ಎಂದು ಗೊತ್ತಿರಲಿಲ್ಲ. ಇನ್ನು ಮೇಲೆ ಫೋನು ಬೇಡ, ಕಾಗದವೇ ಇರಲಿ.

ಅಕ್ಷರ ಇಷ್ಟೇ ದೊಡ್ಡದಿರಲಿ. ನನ್ನ ಎಡಗಣ್ಣಿನ ನಟ್ಟನಡುವೆ ಒಂದು ಬೂದು ಕಲೆ ಕೂತಿದೆ. ಬಲಗಣ್ಣೂ ಅದೇ ದಾರಿ ಹಿಡಿದಿದೆ. ನಲವತ್ತು ವರ್ಷ ರೋಗಿಗಳಿಗೆ ಕೆಟ್ಟ ಸುದ್ದಿ ಹೇಳಿದವನಿಗೆ ಮೊನ್ನೆ ಕಣ್ಣಿನ ಡಾಕ್ಟರು ಮೆಲ್ಲಗೆ ಹೇಳಿದರು: ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ಓದಬೇಕಾದ್ದನ್ನೆಲ್ಲ ಓದಿಬಿಡಿ. ಕಂಪ್ಯೂಟರಿನ ಬೆಳಕು ಈಗಲೇ ಆಗುವುದಿಲ್ಲ. ಪುದುಚೇರಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಕಲಿತು ರುವಿಯೆಯನ್ನು ಕೈಗೆತ್ತಿಕೊಂಡೆ. ಅವನ ಬದುಕು ಬರಹದ ಈ ಪುಸ್ತಕವನ್ನು ನನ್ನ ಕಣ್ಣಿನಿಂದಲೇ ಒಮ್ಮೆ ಪೂರಾ ಓದಿ ಬೆಂಗಳೂರಿನ ಪ್ರೆಸ್ಸಿಗೆ ಕಳಿಸಬೇಕು. ಉಳಿದಿರುವ ಆಸೆ ಅದೊಂದೇ. ನಿನ್ನ ಕೈ ಬೇಕಾದದ್ದು ಅದಕ್ಕೆ.

ನಿನ್ನ ಪ್ರಶ್ನೆಗೆ ಉತ್ತರ: ತಂಗಿ ಅಡೆಲ್. ಇಪ್ಪತ್ತೆರಡು ವರ್ಷ ಅಣ್ಣ ಬರೆದದ್ದನ್ನೆಲ್ಲ ಅವಳೇ ನಕಲು ಮಾಡಿದಳು. ನನ್ನ ಪುಸ್ತಕದಲ್ಲಿ ಅವಳಿಗೆ ಒಂದು ಸಾಲು ಇದೆ.

ರುವಿಯೆ ಸುಂಕದ ಕಟ್ಟೆಯ ಗುಮಾಸ್ತ. ಬೆಳಿಗ್ಗೆ ಪೀಪಾಯಿಗಳಿಗೆ ಮುದ್ರೆ ಒತ್ತುವುದು, ಮಧ್ಯಾಹ್ನ ನೋಟುಪುಸ್ತಕ ಹಿಡಿದು ಊರು ಸುತ್ತುವುದು. ಗಿರಣಿಯ ಬಗ್ಗೆ ಮೂರು ಸಾಲು ಬರೆಯಲು ಎಂಟು ದಿನ ಗಿರಣಿಯಲ್ಲೇ ಕೂತ. ಮೀನು ಮಾರುವವರ ಬೈಗುಳ ಬರೆದುಕೊಳ್ಳಲು ಹೋಗಿ ಅವರ ಕೈಯಲ್ಲಿ ಮೀನಿನಿಂದಲೇ ಏಟು ತಿಂದ. ಅವನದೊಂದೇ ಹಟ: ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಅಂಥವನ ಒಂದು ಅಕ್ಷರವೂ ನಮ್ಮ ಕೈಯಲ್ಲಿ ಬದಲಾಗಬಾರದು. ಇದು ನಿನಗೂ ನನಗೂ ಒಂದೇ ಕಟ್ಟಳೆ.

ಉಳಿದ ಏಳು ಅಧ್ಯಾಯಗಳನ್ನೂ ಕಳಿಸುತ್ತಿದ್ದೇನೆ. ಮೊದಲು ಐದನೆಯದನ್ನು ಬರೆ. ರೇಷ್ಮೆ ಹುಳ ಸಾಕುವ ಮನೆಯ ಮೇಲೆ ಅವನು ಬರೆದ ಕಾದಂಬರಿಯ ಭಾಗಗಳು ಇದರಲ್ಲಿವೆ. ಅವನು ಬರೆದದ್ದರಲ್ಲೆಲ್ಲ ನನಗೆ ಇದೇ ಹೆಚ್ಚು ಇಷ್ಟ.

ಉತ್ತಮನಿಗೆ ಆಶೀರ್ವಾದ.
ಮಹಾಬಲೇಶ್ವರ


ಥಾರ್ನ್ಲಿ
16 ಫೆಬ್ರವರಿ 2014

ಅಂಕಲ್‌ಗೆ ನಮಸ್ಕಾರ.

ಹುರುಳಿ ಸಾರೇ. ನಿಮ್ಮ ಮೂಗಿಗೆ ಏನೂ ಆಗಿಲ್ಲ.

ಇಲ್ಲಿ ನಲವತ್ತೆರಡು ಡಿಗ್ರಿ ಬಿಸಿಲು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ತಂಪು ಗಾಳಿ ಬರುತ್ತದೆ. ಇಲ್ಲಿಯವರು ಆ ಗಾಳಿಗೆ ಡಾಕ್ಟರ್ ಎಂದೇ ಹೆಸರಿಟ್ಟಿದ್ದಾರೆ. ಡಾಕ್ಟರ್ ಬಂದ ಮೇಲೆ ನಾನು ಬರೆಯಲು ಕೂರುತ್ತೇನೆ. ಹೋದ ವಾರ ಉತ್ತಮ್ ಮನೆಯಲ್ಲಿದ್ದರು. "ಏನೇ ನಾಗು, ಎಕ್ಸಾಮಾ? ಬಾ ಟೀ ಕುಡಿ, ನಿನ್ನ ಫ್ರೆಂಚ್ ತಾತ ಎಲ್ಲೂ ಓಡೋಗಲ್ಲ" ಎಂದು ರೇಗಿಸಿದರು. ಆಮೇಲೆ ತಾವೇ ಕೂತು ಮೀನಿನ ಏಟಿನ ಭಾಗ ಓದಿ ನಕ್ಕರು.

ಐದನೇ ಅಧ್ಯಾಯ ಮುಗಿಸಲು ಹದಿನೆಂಟು ದಿನ ಹಿಡಿಯಿತು. ಅದರಲ್ಲಿ ಎರಡು ಪುಟಕ್ಕೇ ಒಂದು ವಾರ.

ನಾನು ಹುಟ್ಟಿದ್ದು ಹುಳಮನೆಯಲ್ಲಿ ಅಂಕಲ್, ಕನಕಪುರದ ಕಡೆ. ನಮ್ಮ ಅವ್ವ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಸದ್ದಿಗೆ ನಾನು ತೊಟ್ಟಿಲಲ್ಲಿ ಮಲಗುತ್ತಿದ್ದೆನಂತೆ. ನೀವು "ಹುಳಗಳು ನಾಲ್ಕು ಬಾರಿ ನಿದ್ರಿಸುತ್ತವೆ" ಎಂದು ಬರೆದಿದ್ದೀರಿ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ, ಒಂದನೇ ಜ್ವರ, ಎರಡನೇ ಜ್ವರ ಹೀಗೆ. ಆದರೂ ನೀವು ಬರೆದ ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ಹೇಳಬೇಕೆಂದಿದ್ದೆ. ಮುಂದಿನ ಕಾಗದದಲ್ಲಿ ಬರೆಯುತ್ತೇನೆ.

ಅಡೆಲ್‌ಗೆ ಒಂದೇ ಸಾಲಾ ಅಂಕಲ್? ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳ ಪೆನ್ನು ನಿಲ್ಲಲಿಲ್ಲವೇ?

ನಾಗವೇಣಿ


ಬ್ಲೇರ್ ಅಥಾಲ್
9 ಮಾರ್ಚ್ 2014

ನಾಗವೇಣಿ,

ಭೂತಗನ್ನಡಿ ಹಿಡಿದು ಐದನೇ ಅಧ್ಯಾಯ ಓದಿದೆ. ಇಪ್ಪತ್ತೇಳನೇ ಹಾಳೆಗೆ ಬಂದಾಗ ಕಣ್ಣು ಮೋಸ ಮಾಡುತ್ತಿದೆ ಎಂದುಕೊಂಡೆ. ನನ್ನ ಹಸ್ತಪ್ರತಿ ತೆಗೆದು ಪಕ್ಕದಲ್ಲಿಟ್ಟೆ. ಕಣ್ಣಿನ ಮೋಸವಲ್ಲ.

ರುವಿಯೆ ಬರೆದದ್ದು ಇದು. ಪಟ್ಟಣದ ನೂಲಿನ ಗಿರಣಿಗೆ ಹೊರಟ ಮಗಳು ತಾಯಿಯನ್ನು ಕೊನೆಯ ಸಲ ಕರೆಯುವ ಘಳಿಗೆ:

"ಹುಳಗಳೆಲ್ಲ ಗೂಡು ಕಟ್ಟಲು ಒಣಕೊಂಬೆ ಹತ್ತಿದ್ದವು. ಅವು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಸುರಿದಂತೆ ಮನೆ ತುಂಬಿತ್ತು. ಬಾಗಿಲಲ್ಲಿ ನಿಂತು ಮಗಳು ಮೂರು ಬಾರಿ ಕರೆದದ್ದು ತಾಯಿಗೆ ಕೇಳಿಸಲಿಲ್ಲ."

ನಿನ್ನ ಪ್ರತಿಯಲ್ಲಿರುವುದು ಇದು:

"ಹುಳಗಳೆಲ್ಲ ಗೂಡು ಕಟ್ಟಲು ಒಣಕೊಂಬೆ ಹತ್ತಿದ್ದವು. ಮೇಯುವುದು ನಿಂತು ಮನೆ ಸದ್ದಿಲ್ಲದೆ ಇತ್ತು. ಬಾಗಿಲಲ್ಲಿ ನಿಂತು ಮಗಳು ಮೂರು ಬಾರಿ ಕರೆದದ್ದು ತಾಯಿಗೆ ಕೇಳಿಸಿತು. ಅವಳು ತಿರುಗಲಿಲ್ಲ."

ಯಾರು ಹೇಳಿದರು ನಿನಗೆ ಹೀಗೆ ಮಾಡೆಂದು? ಕೈತಪ್ಪಿ ಒಂದು ಅಕ್ಷರ ಹೋಗುವುದು ಬೇರೆ. ಇದು ಹಾಗಲ್ಲ. ನೂರೈವತ್ತು ವರ್ಷದಿಂದ ಜನ ಓದಿಕೊಂಡು ಬಂದ ಘಳಿಗೆಯನ್ನು ನೀನು ತಲೆಕೆಳಗು ಮಾಡಿದ್ದೀ. ಜ್ವರದ ಮಾತು ಬದಲಿಸಿಲ್ಲ ಎಂದು ಸಾಧುವಿನಂತೆ ಬರೆದವಳು ಇದರ ಬಗ್ಗೆ ಬಾಯಿ ಬಿಡಲಿಲ್ಲ.

ಬರೆಯುವವನು ಅವನು. ನೀನು ನಕಲು ಮಾಡುವವಳು.

ನಿನ್ನ ಬಳಿ ಇರುವ ಉಳಿದ ಅಧ್ಯಾಯಗಳನ್ನು ಹಿಂದಕ್ಕೆ ಕಳಿಸು. ನನಗೆ ಕಾಯುವಷ್ಟು ಕಣ್ಣಿಲ್ಲ.

ಮಹಾಬಲೇಶ್ವರ


ಥಾರ್ನ್ಲಿ
22 ಜೂನ್ 2014

ಅಂಕಲ್‌ಗೆ,

ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ನಕಲು ಮಾಡುವವಳು ಎಂಬ ನಿಮ್ಮ ಮಾತೇ ಎದುರಿಗೆ ಬರುತ್ತಿತ್ತು.

ಆ ಹಾಳೆಯನ್ನು ನೀವು ಬರೆದ ಹಾಗೆಯೇ ಮತ್ತೆ ಬರೆದಿದ್ದೇನೆ. ಉಳಿದ ಆರು ಅಧ್ಯಾಯಗಳನ್ನೂ ಪೂರ್ತಿ ಮಾಡಿ ಕಳಿಸುತ್ತಿದ್ದೇನೆ. ಅರ್ಧಕ್ಕೆ ಬಿಟ್ಟರೆ ನಿಮಗೆ ಇನ್ನೊಂದು ಕೈ ಹುಡುಕಲು ದಿನ ಹಿಡಿಯುತ್ತದೆ. ಎಲ್ಲೂ ಏನೂ ಬದಲಿಸಿಲ್ಲ. ಬೇಕಾದರೆ ಪಕ್ಕದಲ್ಲಿಟ್ಟು ನೋಡಿ.

ಮುಚ್ಚಿಟ್ಟದ್ದು ತಪ್ಪು. ಆದರೆ ಬರೆದದ್ದು ಸುಳ್ಳಲ್ಲ ಅಂಕಲ್. ಗೂಡು ಕಟ್ಟಲು ಹಣ್ಣಾದ ಹುಳ ಮೇಯುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮಳೆಯ ಹಾಗೆ ಸದ್ದು ಮಾಡಿಕೊಂಡು ಮೇಯುತ್ತದೆ, ಅದು ನಿಜ. ಹಣ್ಣಾದ ದಿನ ಬಾಯಿ ಮುಚ್ಚುತ್ತದೆ. ಮೈ ಗಾಜಿನ ಹಾಗಾಗುತ್ತದೆ. ತಲೆ ಎತ್ತಿ ಜಾಗ ಹುಡುಕುತ್ತದೆ. ಆವತ್ತು ಹುಳಮನೆಯಲ್ಲಿ ಬಳೆ ಸದ್ದೂ ಕೇಳಿಸುತ್ತದೆ.

ಐದನೇ ಕ್ಲಾಸು ಮುಗಿದ ವರ್ಷ ಸಿದ್ದಲಿಂಗಯ್ಯ ಮೇಷ್ಟ್ರು ನನಗಾಗಿ ಹಾಸ್ಟೆಲ್ ಇರುವ ಶಾಲೆಯ ಫಾರಂ ತಂದರು. ಅವ್ವನ ಹೆಬ್ಬೆಟ್ಟು ಬೇಕಿತ್ತು. ಅದೇ ಕಡೆಯ ದಿನ. ಅವತ್ತೇ ಹುಳ ಹಣ್ಣಾಗಿತ್ತು. ನಮ್ಮಲ್ಲಿ ಹುಳವನ್ನು ಒಂದೊಂದಾಗಿ ಕೈಯಲ್ಲಿ ಆಯ್ದು ಚಂದ್ರಿಕೆಗೆ ಬಿಡಬೇಕು, ಬಿದಿರಿನ ದೊಡ್ಡ ತಟ್ಟೆ ಅದು, ಗೂಡು ಕಟ್ಟುವ ಜಾಗ. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಎರಡು ಕೈ ಹೆಚ್ಚಿದ್ದರೂ ಬೇಕಾಗುವ ದಿನ. ಹೊರಗಿನವರು ಹುಳಮನೆಗೆ ಕಾಲಿಡುವ ಹಾಗಿಲ್ಲ, ರೋಗ ತರುತ್ತಾರೆ ಅಂತ. ಅದಕ್ಕೇ ಮೇಷ್ಟ್ರು ಬೇಲಿಯ ಹತ್ತಿರವೇ ನಿಂತು ಕೂಗಿದರು. "ಪಾರ್ವತಮ್ಮಾ, ಫಾರಂ ತಂದಿದ್ದೀನಿ." ಮೂರು ಸಲ. ಅವ್ವ ತಲೆ ಎತ್ತಲಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕೈಗೆ ಇನ್ನೊಂದು ಹಿಡಿ ಹುಳ ಕೊಟ್ಟಳು. ಆಮೇಲೆ ಊರಿನವರಿಗೆಲ್ಲ ಅವ್ವ ಹೇಳಿದ್ದು, "ಹುಳದ ಸದ್ದಲ್ಲಿ ಕೇಳಿಸ್ಲೇ ಇಲ್ಲ ಕಣ್ರವ್ವ" ಅಂತ.

ನಿಮ್ಮ ರುವಿಯೆ ಆ ದಿನ ಆ ಮನೆಯಲ್ಲಿ ಇರಲಿಲ್ಲ ಅಂಕಲ್. ಇದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆ ತಾಯಿಯೇ ಅವನಿಗೆ ಹಾಗೆ ಹೇಳಿರಬೇಕು. ಅವನು ನಂಬಿ ಬರೆದುಕೊಂಡ.

ಉತ್ತಮ್ ಕೆಲಸ ಮಾಡುತ್ತಿದ್ದ ಗಣಿಯಲ್ಲಿ ಆಳು ಕಡಿಮೆ ಮಾಡಿದರು. ಮುಂದಿನ ತಿಂಗಳು ಬ್ರಿಸ್ಬೇನ್‌ಗೆ ಹೋಗುತ್ತಿದ್ದೇವೆ. ಹೊಸ ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಉತ್ತರಕ್ಕೆ ಅಂತಲ್ಲ. ಇರಲಿ ಅಂತ.

ನಾಗವೇಣಿ


ಬ್ಲೇರ್ ಅಥಾಲ್
30 ಆಗಸ್ಟ್ 2014

ಪ್ರೀತಿಯ ನಾಗವೇಣಿ,

ಇನ್ನು ನನ್ನ ಅಕ್ಷರ ಹೀಗೆಯೇ, ಮದುವೆ ಮನೆಯ ಬೋರ್ಡಿನ ಹಾಗೆ. ಸಹಿಸಿಕೋ.

ನಿನ್ನ ಕಾಗದವನ್ನು ಎರಡು ವಾರ ಮೇಜಿನ ಮೇಲಿಟ್ಟುಕೊಂಡು ಜಗಳ ಆಡಿದೆ. ಆಮೇಲೆ ಮಗಳು ಕವನಾಳನ್ನು ಹೊರಡಿಸಿಕೊಂಡು ಇಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದೆ. ರುವಿಯೆಯ ನೋಟುಪುಸ್ತಕಗಳು ಅಚ್ಚಾಗಿರುವ ಹಳೆಯ ಸಂಪುಟ ಅಲ್ಲಿದೆ. ಮೂವತ್ತು ವರ್ಷದ ಹಿಂದೆ ಅದನ್ನು ಓದಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದವನು ನಾನು. ಒಂದು ಮಧ್ಯಾಹ್ನವೆಲ್ಲ ಭೂತಗನ್ನಡಿ ಹಿಡಿದು ಹುಡುಕಿದೆ.

ಸಿಕ್ಕಿತು. "ಜೂನ್ 19. ಒಂಬತ್ತು ದಿನ ತಡವಾಗಿ ಬಂದೆ. ಆಗಲೇ ಗೂಡು ಬಿಡಿಸುತ್ತಿದ್ದಾರೆ. ಮಗಳು ಹೋದ ದಿನದ ಬಗ್ಗೆ ಕೇಳಿದೆ. ಸದ್ದು ಬಹಳವಿತ್ತು, ಕೇಳಿಸಲಿಲ್ಲ ಎಂದಳು. ಹೇಳುವಾಗ ಗೂಡು ಬಿಡಿಸುತ್ತಲೇ ಇದ್ದಳು."

ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವ ಮನುಷ್ಯ! ಅವನು ಕಂಡದ್ದು ಅವಳ ಕೈಯನ್ನು. ಅದನ್ನು ನೋಟುಪುಸ್ತಕದಲ್ಲಿ ಬಿಟ್ಟು, ಅವಳ ಮಾತನ್ನು ಕಾದಂಬರಿಗೆ ತೆಗೆದುಕೊಂಡ.

ಲೈಬ್ರರಿಯಲ್ಲೇ ಕವನಾಗೆ ನಿನ್ನ ಕಾಗದ ಓದಿ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ನಾನು ಕಲಿಸಲಿಲ್ಲ. ಕೇಳಿಸಿಕೊಂಡು ಸಂಪುಟ ಮುಚ್ಚಿ ಎದ್ದಳು. ಅವಳಿಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಹಾಡಿನ ಕಾರ್ಯಕ್ರಮ. ರೆಕ್ಕೆ ಕಟ್ಟಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪಾ ಅಪ್ಪಾ ಎಂದು ಕರೆದಳು. ಒಳಗೆ ನಾನು ಇದೇ ರುವಿಯೆಯ ಒಂದು ವಾಕ್ಯದ ಜೊತೆ ಕೂತಿದ್ದೆ. ಆಮೇಲೆ ಏರ್ ಕೂಲರಿನ ಸದ್ದಿನಲ್ಲಿ ಕೇಳಿಸಲಿಲ್ಲ ಮರೀ ಎಂದೆ. ಮೊನ್ನೆ ಅವಳು ನನ್ನ ಕೈ ಹಿಡಿದು ಕಾರಿನ ಕಡೆ ನಡೆಸುತ್ತಾ ಹೇಳಿದಳು, "ಅಪ್ಪಾ, ಇಟ್ ವಾಸ್ ಆಗಸ್ಟ್, ವಿಂಟರ್. ಕೂಲರ್ ವಾಸ್ ಆಫ್."

ನಕ್ಕಳು, ನಾಗವೇಣಿ. ನಾನು ನಗಲು ಸ್ವಲ್ಪ ತಡವಾಯಿತು.

ನಕಲು ಮಾಡುವವಳು ಎಂದು ನಿನಗೆ ಬರೆದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಅಂಚೆಗೆ ಹಾಕಿದ್ದೇನೆ. ಕ್ಷಮಿಸು.

ಅಡೆಲ್‌ಳ ಒಂದು ಸಾಲನ್ನು ಎರಡು ಪುಟ ಮಾಡೋಣವೆಂದು ಹೊರಟೆ. ಎರಡನೇ ಸಾಲಿಗೆ ಬೇಕಾದದ್ದೂ ಎಲ್ಲಿಯೂ ಸಿಗಲಿಲ್ಲ. ಯಾರೂ ಬರೆದಿಟ್ಟಿಲ್ಲ. ಅದಕ್ಕೇ ಈ ಕೋರಿಕೆ. ರುವಿಯೆಯ ಸಾಲು ಅವನ ಹೆಸರಿನಲ್ಲಿ ಹಾಗೆಯೇ ಇರಲಿ, ತಪ್ಪಾದರೂ ಅದು ಅವನದು. ನಿನ್ನ ಸಾಲು ನಿನ್ನ ಹೆಸರಿನಲ್ಲಿ ಇರಬೇಕು. ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟ ನಿನ್ನದು. ಹುಳ ಹಣ್ಣಾದ ದಿನವನ್ನು ಬರೆ. ಬೇಗ ಬರೆ. ಓದಲು ನನಗೆ ಇನ್ನೂ ಸ್ವಲ್ಪ ಕಣ್ಣಿದೆ.

ನಿನ್ನ ಅಂಕಲ್,
ಮಹಾಬಲೇಶ್ವರ


ಬ್ರಿಸ್ಬೇನ್
26 ಅಕ್ಟೋಬರ್ 2014

ಅಂಕಲ್‌ಗೆ ನಿಮ್ಮ ನಾಗವೇಣಿಯ ನಮಸ್ಕಾರ.

ನೀವು ಬರೆದದ್ದನ್ನು ಉತ್ತಮ್‌ಗೆ ಓದಿ ಹೇಳಿದೆ. "ನಿಮ್ಮ ಡಾಕ್ಟ್ರು ಪರವಾಗಿಲ್ಲ ಕಣೇ, ಸಾರಿ ಕೇಳೋಕೂ ಲೈಬ್ರರಿಗೆ ಹೋಗಿ ಬರ್ತಾರೆ" ಅಂದರು. ಅವರಿಗೆ ಇಲ್ಲಿ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು. ಈಗ ದಿನಾ ಸಂಜೆ ಮನೆಗೆ ಬರುತ್ತಾರೆ. ನನಗೆ ಇನ್ನೂ ಅಭ್ಯಾಸವಾಗಿಲ್ಲ, ಒಬ್ಬಳಿಗೇ ಅಕ್ಕಿ ಹಾಕಿಬಿಡುತ್ತೇನೆ.

ಪಕ್ಕದ ಮನೆಯ ಜೋನ್ ಆಂಟಿ ರಿಟೈರ್ ಆದ ಟೀಚರ್. ಅವರ ಹಿತ್ತಲಲ್ಲಿ ಹಿಪ್ಪುನೇರಳೆ ಮರ ಇದೆ, ಗಿಡವಲ್ಲ, ಮನೆಗಿಂತ ಎತ್ತರದ ಮರ! ಹೋದ ತಿಂಗಳು ಅವರು ಒಂದು ಶೂ ಡಬ್ಬಿ ತಂದು ತೋರಿಸಿದರು. ಒಳಗೆ ಹದಿನಾರು ರೇಷ್ಮೆ ಹುಳ. ಇಲ್ಲಿ ಮನೆಗಳಲ್ಲಿ ಆಟಕ್ಕೆ ಸಾಕುತ್ತಾರಂತೆ. ಪರದೇಶದಲ್ಲಿ ನೆಂಟರು ಸಿಕ್ಕ ಹಾಗಾಯಿತು. ನಾನು ದಿನಾ ಹೋಗಿ ಸೊಪ್ಪು ಹೆಚ್ಚಿ ಹಾಕಿದೆ. ಹಣ್ಣಾದ ದಿನ ಡಬ್ಬಿಗೆ ಕಿವಿ ಇಟ್ಟು ಕೂತೆ. ಜೋನ್ ಆಂಟಿಗೆ ಏನೆನ್ನಿಸಿತೋ, ಅವರೂ ಸುಮ್ಮನೆ ಪಕ್ಕದಲ್ಲಿ ಕೂತರು. ಏನೂ ಸದ್ದಿಲ್ಲ.

ಅಲ್ಲಿಂದ ಎದ್ದು ಬಂದು ಅವ್ವನಿಗೆ ಫೋನು ಮಾಡಿದೆ. ಹದಿನಾಲ್ಕು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. "ಅವ್ವಾ, ಮೇಷ್ಟ್ರು ಕೂಗಿದ್ದು ನಿಂಗೆ ಕೇಳಿಸಿತ್ತಾ?"

ಅವ್ವ ಹೇಳಿದಳು:

"ಕೇಳಿಸ್ತು ಕಣವ್ವ. ಮೂರು ಕಿತ ಕೂಗಿದ್ರು. ನಾಕನೇ ಕಿತ ಕೂಗ್ಲಿ, ಎದ್ದೋಗ್ತೀನಿ ಅಂತ ಕುಂತಿದ್ದೆ. ಅವರು ಕೂಗ್ಲಿಲ್ಲ. ಇವತ್ಗೂ ಹುಳ ಹಣ್ಣಾದಾಗೆಲ್ಲ ಬೇಲಿ ಕಡೆ ಕಿವಿ ಓಗ್ತದೆ."

ನನಗೆ ಅಳು ಬಂತು. ಅವ್ವ "ಏ ಸುಮ್ಕಿರು, ಫೋನ್ ದುಡ್ಡು ಕಿತ್ಕತದೆ" ಎಂದು ಬೈದು, ಊಟ ಆಯಿತಾ ಎಂದು ಕೇಳಿದಳು. ಅಷ್ಟೇ.

ನಾಲ್ಕು ಪುಟ ಬರೆದು ಇಟ್ಟಿದ್ದೇನೆ. ನಿಮಗಾಗಿ ಅಕ್ಷರವನ್ನು ಇನ್ನೂ ದೊಡ್ಡದು ಮಾಡಿದ್ದೇನೆ, ಹಾಗಾಗಿ ಹತ್ತೊಂಬತ್ತು ಹಾಳೆ ಆಗಿದೆ. ಹೆಸರು ಮಾತ್ರ ಬೇಡ ಅಂಕಲ್. "ಒಬ್ಬ ಓದುಗಿ" ಎಂದು ಹಾಕಿ.

ಇನ್ನೊಂದು. ಪಿಯಾರಾ ವಾಟರ್ಸ್ ಹಾಲಿನಲ್ಲಿ ನೀವು ಮೂರು ಸಲ ಕರೆದದ್ದು ನನಗೆ ಕೇಳಿಸಿತ್ತು. ಅಡುಗೆಮನೆಯ ಫ್ಯಾನು ಆಗ ಆಫ್ ಆಗಿತ್ತು.

ನಾಗವೇಣಿ


ಬ್ಲೇರ್ ಅಥಾಲ್
8 ಮಾರ್ಚ್ 2015

ನಾಗವೇಣಿ ಮಗಳೇ,

ಚಿಕ್ಕದಾಗಿ ಬರೆಯುತ್ತೇನೆ. ಗೆರೆ ಕಾಣುವುದಿಲ್ಲ, ಸಾಲು ಒಂದರ ಮೇಲೊಂದು ಹತ್ತಿದರೆ ನೀನೇ ಬಿಡಿಸಿಕೋ.

ರುವಿಯೆಯ ಪುಸ್ತಕ ಪೂರ್ತಿ ಓದಿದೆ, ನಿನ್ನ ಕೈಯ ಪ್ರತಿಯಲ್ಲಿ. ಕಡೆಯ ಅಧ್ಯಾಯ ಮುಗಿದಾಗ ಎಡಗಣ್ಣು ಮುಗಿದಿತ್ತು. ನಿನ್ನ ಹತ್ತೊಂಬತ್ತು ಹಾಳೆಗಳನ್ನು ಬಲಗಣ್ಣಿನ ಅಂಚಿನಿಂದ, ಒಂದೊಂದೇ ಪದವಾಗಿ ಓದಿದೆ. ಹನ್ನೊಂದು ದಿನ ಹಿಡಿಯಿತು. ಕೊನೆಯದಾಗಿ ನನ್ನ ಕಣ್ಣಿನಿಂದ ನಾನು ಓದಿದ್ದು ಅದು. ನಿನ್ನ ಅವ್ವ ನಿನ್ನ ಕೈಗೆ ಹುಳ ಕೊಡುವ ಸಾಲಿನಲ್ಲಿ ಒಂದು ದಿನ ಪೂರ್ತಿ ನಿಂತಿದ್ದೆ. ಸಾಕು. ಕಣ್ಣಿಗೆ ಒಳ್ಳೆಯ ಕೊನೆ.

ನಿನ್ನ ಮೂಲ ಹಾಳೆಗಳನ್ನು ನಾನು ಕೊಡುವುದಿಲ್ಲ. ಪ್ರೆಸ್ಸಿಗೆ ಬೇಕಾದ ಪ್ರತಿಯನ್ನು ಕವನಾ ಬರೆದಳು. ಅಕ್ಷರ ಬರದವಳು, ಚಿತ್ರ ಬರೆಯುವಂತೆ ಬರೆದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಸಂಜೆ ನನ್ನ ಕೋಣೆಯಲ್ಲೇ ಕೂತು, "ಅಪ್ಪಾ, ವಾಟ್ಸ್ ದಿಸ್ ಲಿಟಲ್ ಟೇಲ್ ಹಿಯರ್?" ಎಂದು ಒಂದೊಂದು ಒತ್ತಿಗೂ ನನ್ನನ್ನು ಕೂಗಿ ಕೇಳುತ್ತಿದ್ದಳು. ಪ್ರತಿ ಸಲವೂ ಉತ್ತರ ಕೊಟ್ಟೆ. ಇಪ್ಪತ್ತನಾಲ್ಕು ಪದ ಈಗ ಅವಳೇ ಓದುತ್ತಾಳೆ. ಮೊದಲು ಕಲಿತದ್ದು "ಅವ್ವ."

ನಿನ್ನ ಬರಹದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಕೊನೆಯಲ್ಲಿ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಾಳೆ. "ಒಬ್ಬ ಓದುಗಿ" ಎಂದು ಬರೆಯಲು ನಾನು ಬಿಡಲಿಲ್ಲ.

ರಾಜ್ಯೋತ್ಸವದ ಹಾಲಿನಲ್ಲಿ ಮೂರು ಸಲ ಕರೆದು ಸುಮ್ಮನಾದೆ. ತಪ್ಪು ನನ್ನದು.

ಊಟದ ಬೋರ್ಡು ಬರೆದವರು ಯಾರು? ಮುಂದೆ ಬನ್ನಿ.

ಮಹಾಬಲೇಶ್ವರ


ಬ್ರಿಸ್ಬೇನ್
15 ಮಾರ್ಚ್ 2015

ಅಂಕಲ್,

ಕೇಳಿಸಿತು.

ಕವನಾ ಅಕ್ಕನಿಗೆ ನೋಡಿ ಬರೆಯಲು ಸುಲಭವಾಗಲಿ ಎಂದು ಹೆಸರನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದು ಇಟ್ಟಿದ್ದೇನೆ. ಉದ್ದವಾಯಿತು ಅನ್ನಿಸಿದರೂ ಕಡಿಮೆ ಮಾಡಬೇಡಿ.

ಪಾರ್ವತಮ್ಮನ ಮಗಳು ನಾಗವೇಣಿ